ಈ ಹಗ್ಗ ಎಲ್ಲಿಗೆ ಹೋಗುತ್ತೆ ಸ್ವಾಮಿ?

ನಿನ್ನೆ ಭಾಮೈದನ ಹೊಸ ಮನೆಯ ಗೃಹಪ್ರವೇಶ. ಹೋಮ ಹೊತ್ತಿಗೆ ಸರಿಯಾಗಿ ಮುಗೀತು, ಹೋಳಿಗೆಗೆ ತುಪ್ಪ ಧಾರಾಳವಾಗಿ ಬಿತ್ತು, ಮಜ್ಜಿಗೆಹುಳಿಗೆ ಉಪ್ಪು ಒಂದು ಚಿಟಿಕೆ ಮುಂದಿತ್ತು, ಅದಿರಲಿ. ನನ್ನ ಹೊಟ್ಟೆ ಕೆಡಿಸಿದ್ದು ಊಟ ಅಲ್ಲ. ಟೀವಿ ಪಕ್ಕದ ಗಾಜಿನ ಕಪಾಟಿನ ಮೇಲೆ ಎರಡಡಿ ಉದ್ದದ ಒಂದು ಹಾಯಿಹಡಗು ಕೂತಿತ್ತು.

ನನ್ನನ್ನು ಬಲ್ಲವರು ಇಷ್ಟು ಓದುತ್ತಲೇ ನಗೋಕೆ ಶುರು ಮಾಡಿರ್ತೀರಿ. ನಗಿ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಮಹಡಿ ಕೋಣೆಯಲ್ಲಿ ನಾನು ಹಾಯಿಹಡಗಿನ ಮಾದರಿ ಮಾಡ್ತಾ ಕೂತಿರೋದು, ನಮ್ಮವಳು ಆ ಕೋಣೆಯನ್ನು ‘ಬಂದರು’ ಅಂತ ಯಾಕೆ ಕರೀತಾಳೆ, ಮರದ ಪಟ್ಟಿ ಬಗ್ಗಿಸೋಕೆ ಹೋಗಿ ಅವಳ ಇಸ್ತ್ರಿಪೆಟ್ಟಿಗೆ ಏನಾಯ್ತು, ಎಲ್ಲ ನಿಮಗೆ ಗೊತ್ತಿರೋ ಪುರಾಣವೇ.

“ಭಾವ, ನಿಮಗೆ ತೋರಿಸಬೇಕು ಅಂತಲೇ ಕಾಯ್ತಿದ್ದೆ” ಅಂತ ಭಾಮೈದ ಕೈ ಹಿಡಿದು ಎಳ್ಕೊಂಡು ಹೋದ. “ಆನ್‌ಲೈನಲ್ಲಿ 2,799 ರೂಪಾಯಿ. ನೀವು ಒಂದು ಹಡಗಿಗೆ ನಾಲ್ಕು ವರ್ಷ ತಗೊಂಡ್ರಿ, ನನಗೆ ನಾಲ್ಕೇ ದಿನಕ್ಕೆ ಬಂತು ನೋಡಿ!”

ಸುತ್ತ ನಿಂತಿದ್ದ ಹನ್ನೆರಡು ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಎಲೆಗೆ ಇನ್ನೂ ಎರಡನೇ ಹೋಳಿಗೆ ಬರೋದಿತ್ತಲ್ಲ.

ಕನ್ನಡಕ ಹಾಕ್ಕೊಂಡು ಹತ್ತಿರ ಹೋಗಿ ನೋಡಿದೆ. ನೋಡಬಾರದಿತ್ತು. ಬುಡದಲ್ಲಿ ಹಿತ್ತಾಳೆ ಬಣ್ಣದ ತಗಡು, ಅದರ ಮೇಲೆ ‘ಕಟ್ಟಿ ಸಾರ್ಕ್’ ಅಂತ ಹೆಸರು. ಕಟ್ಟಿ ಸಾರ್ಕ್ ಅಂದ್ರೆ 1869ರಲ್ಲಿ ಸ್ಕಾಟ್‌ಲೆಂಡಿನ ಡಂಬಾರ್ಟನ್‌ನಲ್ಲಿ ನೀರಿಗಿಳಿದ ಹಡಗು. ಚೀನಾದಿಂದ ಚಹಾ, ಆಮೇಲೆ ಆಸ್ಟ್ರೇಲಿಯಾದಿಂದ ಉಣ್ಣೆ ಹೊತ್ತು ಓಡಾಡಿದ ವ್ಯಾಪಾರಿ ಹಡಗು. ಈ ಮಹಾಶಯರು ಅದಕ್ಕೆ ಎರಡೂ ಬದಿ ಸಾಲಾಗಿ ಫಿರಂಗಿ ಇಟ್ಟಿದ್ದಾರೆ. ಚಹಾ ಪುಡಿ ಮಾರೋಕೆ ಫಿರಂಗಿ! ಹೆಸರಿನಲ್ಲೇ ‘ಕಟ್ಟಿ’ ಇದೆ, ಒಂದು ಹಗ್ಗವನ್ನಾದರೂ ನೆಟ್ಟಗೆ ಕಟ್ಟಿದ್ದಾರಾ? ಇಲ್ಲ.

ನನ್ನ ತಕರಾರು ಇರೋದು ಈ ಹಗ್ಗದ ಬಗ್ಗೆಯೇ. ಹೆಸರು ತಪ್ಪಲಿ, ಫಿರಂಗಿ ಇರಲಿ, ಹಾಯಿ ರವಿಕೆಯ ಲೈನಿಂಗ್ ಬಟ್ಟೆಯ ಹಾಗೆ ದಪ್ಪಗಿರಲಿ, ಕ್ಷಮಿಸಿಬಿಡ್ತೀನಿ. ಆದರೆ ಕೂವೆಯ (ಹಾಯಿ ಕಟ್ಟೋ ಕಂಬದ) ನೆತ್ತಿಯಿಂದ ಹೊರಟ ಒಂದು ಹಗ್ಗ ಇಳಿದು ಇಳಿದು ಹಡಗಿನ ಅಟ್ಟದ (ಡೆಕ್ಕಿನ) ಹಲಗೆ ಹತ್ತಿರ ಬಂದು, ಅಲ್ಲೊಂದು ಗೋಂದಿನ ಹನಿಯಲ್ಲಿ ಸತ್ತು ಬಿದ್ದಿದೆ. ಇನ್ನೊಂದು ಹಗ್ಗ ಒಂದು ಕೂವೆಯಿಂದ ಹೊರಟು ಮತ್ತೊಂದನ್ನು ಸುತ್ತಿ ವಾಪಸ್ ಬಂದಿದೆ, ಬೆಳಗಿನ ವಾಕಿಂಗಿಗೆ ಹೋದವರ ಹಾಗೆ. ಎಣಿಸಿದೆ. ಎಲ್ಲಿಗೂ ಹೋಗದ ಹಗ್ಗ ಹನ್ನೊಂದು.

ಹಾಯಿಹಡಗಿನಲ್ಲಿ ಸುಮ್ಮನೆ ಕಟ್ಟಿದ ಹಗ್ಗ ಅಂತ ಒಂದಿರೋದಿಲ್ಲ. ಇದನ್ನು ನೂರು ಸಲ ಹೇಳಿದ್ದೀನಿ, ನೂರಾ ಒಂದನೇ ಸಲ ಕೇಳಿ. ಕೂವೆ ಬೀಳದ ಹಾಗೆ ಹಿಡಿದು ನಿಲ್ಲಿಸುವ ಹಗ್ಗಗಳು ಬೇರೆ, ಅವು ಡಾಂಬರು ಕುಡಿದು ಕಪ್ಪಗಿರ್ತವೆ, ಅಲುಗಾಡೋದಿಲ್ಲ. ಹಾಯಿ ಏರಿಸೋಕೆ, ಇಳಿಸೋಕೆ, ಅಡ್ಡಮರವನ್ನು ಗಾಳಿಗೆ ತಕ್ಕಂತೆ ತಿರುಗಿಸೋಕೆ, ಹಾಯಿಯ ಕೆಳಮೂಲೆ ಬಿಗಿಯೋಕೆ ಬೇರೆ ಹಗ್ಗಗಳು. ಅವು ರಾಟೆಗಳ ಮೂಲಕ ಓಡಿ ಬಂದು ಕೊನೆಗೆ ಒಂದೊಂದು ಗೂಟಕ್ಕೆ ಸುತ್ತಿಕೊಳ್ತವೆ. ಯಾವ ಹಗ್ಗಕ್ಕೆ ಯಾವ ಗೂಟ ಅನ್ನೋದನ್ನು ನಾವಿಕ ಅಮಾವಾಸ್ಯೆ ರಾತ್ರಿ, ಬಿರುಗಾಳಿಯಲ್ಲಿ, ಕಣ್ಣಿಗೆ ಉಪ್ಪುನೀರು ಎರಚ್ತಾ ಇರುವಾಗ ಕೈಯಲ್ಲೇ ತಡವಿ ಹುಡುಕಬೇಕಿತ್ತು. ತಪ್ಪಿದರೆ ಮೇಲೆ ಅಡ್ಡಮರದ ಮೇಲಿರುವ ಗೆಳೆಯನ ಜೀವ ಹೋಯ್ತು. ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿರುವ ಹಳೇ ಯುದ್ಧನೌಕೆ ವಿಕ್ಟರಿಯ ಹಗ್ಗಗಳನ್ನೆಲ್ಲ ಬಿಚ್ಚಿ ಉದ್ದಕ್ಕೆ ಹಾಸಿದರೆ ಸುಮಾರು 42 ಕಿಲೋಮೀಟರ್. ಮೈಸೂರಿನಿಂದ ಹೊರಟರೆ ಮಂಡ್ಯದ ಹತ್ತಿರ ಬರುತ್ತೆ. ಅಷ್ಟರಲ್ಲಿ ಒಂದು ಮೊಳವೂ ಅಲಂಕಾರಕ್ಕಲ್ಲ.

ಬಾವುಟದ ಕತೆ ಕೇಳಿ. ಭಾಮೈದನ ಹಡಗಿನ ಹಾಯಿಗಳು ಮುಂದಕ್ಕೆ ಉಬ್ಬಿವೆ, ಅಂದರೆ ಗಾಳಿ ಹಿಂದಿನಿಂದ ಬೀಸ್ತಿದೆ. ನೆತ್ತಿಯ ಬಾವುಟ ಮಾತ್ರ ಹಿಂದಕ್ಕೆ ಹಾರ್ತಿದೆ. ಮಂತ್ರಿಗಳ ಕಾರಿನ ಬಾವುಟ ಹಿಂದಕ್ಕೆ ಹಾರುತ್ತೆ ನಿಜ, ಯಾಕೆಂದರೆ ಕಾರನ್ನು ತಳ್ಳೋದು ಎಂಜಿನ್. ಹಡಗನ್ನು ತಳ್ಳೋದು ಗಾಳಿ. ಹಾಯಿ ಯಾವ ಕಡೆಗೋ ಬಾವುಟವೂ ಆ ಕಡೆಗೇ. ಇಷ್ಟೂ ಸಾಲದು ಅಂತ ವಾಸ್ತು ಬೇರೆ. ಹಡಗಿನ ಮೂತಿ ಮನೆಯೊಳಗೆ ತಿರುಗಿರಬೇಕಂತೆ, ಲಕ್ಷ್ಮಿ ಅದರಲ್ಲಿ ಒಳಗೆ ಬರ್ತಾಳಂತೆ. ಅಯ್ಯಾ, ನಿನ್ನ ಬಾವುಟವನ್ನು ನಂಬೋದಾದರೆ ಗಾಳಿ ಎದುರಿನಿಂದ ಬೀಸ್ತಿದೆ, ನಿನ್ನ ಲಕ್ಷ್ಮಿ ಹಿಮ್ಮುಖವಾಗಿ ಹೊಸ್ತಿಲು ದಾಟಿ ಪಾರ್ಕಿಂಗ್ ಕಡೆ ಹೊರಟಿದ್ದಾಳೆ! ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ನಮ್ಮವಳು ಆಗಲೇ ಕಣ್ಣಲ್ಲೇ ಸನ್ನೆ ಮಾಡಿದ್ದಳು.

“ಶೋಪೀಸ್ ಅಲ್ವಾ ಸಾರ್, ಅಷ್ಟೆಲ್ಲ ಯಾರು ನೋಡ್ತಾರೆ?” ಅಂತ ನೀವು ಕೇಳ್ತೀರಿ, ಗೊತ್ತು. ಅದನ್ನು ಮಾಡೋ ಬಡ ಕೆಲಸಗಾರರಿಗೂ ಹೊಟ್ಟೆಪಾಡು ನಡೀಬೇಕಲ್ಲ ಅಂತಲೂ ಕೇಳ್ತೀರಿ. ಒಪ್ಪಿದೆ. ಆದರೆ ಹೊಟ್ಟೆಪಾಡಿಗೂ ಸುಳ್ಳು ಹಗ್ಗಕ್ಕೂ ಏನು ಸಂಬಂಧ? ಮಾರಿಷಸ್‌ನಲ್ಲಿ ಹಡಗಿನ ಮಾದರಿ ಮಾಡೋದು ಒಂದು ಉದ್ಯಮವೇ ಆಗಿದೆ, ಹಳೆಯ ನಕ್ಷೆ ಮುಂದಿಟ್ಟುಕೊಂಡು ಮಾಡ್ತಾರೆ, ಮಾರ್ತಾರೆ, ಉಣ್ತಾರೆ. ನೆಪೋಲಿಯನ್ ಕಾಲದ ಯುದ್ಧದಲ್ಲಿ ಸೆರೆಸಿಕ್ಕ ಫ್ರೆಂಚರನ್ನು ಇಂಗ್ಲೆಂಡಿನ ನಾರ್ಮನ್ ಕ್ರಾಸ್ ಶಿಬಿರದಲ್ಲಿ ಕೂಡಿಹಾಕಿದ್ದರು, 1797ರಿಂದ 1814ರವರೆಗೆ. ಊಟದಲ್ಲಿ ಉಳಿದ ಮೂಳೆ ಉಜ್ಜಿ ಉಜ್ಜಿ ಅವರು ಹಡಗು ಮಾಡಿ ಮಾರ್ತಿದ್ದರು. ಅಳತೆಯಲ್ಲಿ ಅಲ್ಪಸ್ವಲ್ಪ ಹೆಚ್ಚುಕಮ್ಮಿ ಇರಬಹುದು. ಆದರೆ ಅಂಥ ಕೆಲವು ಹಡಗುಗಳಲ್ಲಿ ಒಂದು ದಾರ ಎಳೆದರೆ ಸಾಲು ಫಿರಂಗಿ ಒಳಗೆ ಹೋಗುತ್ತೆ, ಬಿಟ್ಟರೆ ಹೊರಗೆ ಬರುತ್ತೆ. ಜೈಲಿನಲ್ಲಿ ಕೂತು, ಮೂಳೆಯಲ್ಲಿ ಮಾಡಿದ್ದರಲ್ಲೂ ದಾರಕ್ಕೊಂದು ಕೆಲಸ ಇತ್ತು ಸ್ವಾಮಿ. ಬಡತನದ ನೆಪ ನನ್ನ ಹತ್ತಿರ ಹೇಳಬೇಡಿ.

ಈ ಹಗ್ಗದ ಹುಚ್ಚು ನನಗೆ ಹುಟ್ಟಿನಿಂದ ಬಂದದ್ದೇನಲ್ಲ. ಅಪ್ಪ ಗಂಗೊಳ್ಳಿ ಬಂದರಿನಲ್ಲಿ ಹೆಂಚಿನ ಲೆಕ್ಕ ಬರೀತಿದ್ದರು. ಮಂಜಿಗಳಿಗೆ, ಅಂದ್ರೆ ಸರಕಿನ ಹಾಯಿಹಡಗುಗಳಿಗೆ, ಹೆಂಚು ತುಂಬೋ ಕಾಲ ಅದು. ಅವರು ಸಮುದ್ರಕ್ಕೆ ಹೋದವರಲ್ಲ, ದಡದಲ್ಲಿ ಕೂತು ಎಣಿಸಿದವರು. ನಾನು ಮೊದಲ ಹಡಗು ಮಾಡಿ, ವಾರ್ನಿಷ್ ಹೊಡೆದು, ಊರಿಗೆ ತಗೊಂಡು ಹೋಗಿ ಜಗಲಿ ಮೇಲಿಟ್ಟೆ. ಆಗ ಅವರಿಗೆ 84. ಕಣ್ಣು ಮಂಜಾಗಿತ್ತು. ಮುಟ್ಟಿ ನೋಡಿದರು. ಬೆರಳು ಒಂದು ಹಗ್ಗ ಹಿಡ್ಕೊಂಡು ಮೇಲಿಂದ ಕೆಳಗೆ ಬಂತು, ಅಟ್ಟದ ಹತ್ತಿರ ನಿಂತಿತು.

“ಈ ಹಗ್ಗ ಎಲ್ಲಿಗ್ ಹೋತ್ತ್ ಮಾರಾಯಾ?”

ಉತ್ತರ ಇರಲಿಲ್ಲ. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಹಾಗಿತ್ತು, ಹಾಗೇ ಅಂಟಿಸಿದ್ದೆ. ಅವರು ಮತ್ತೇನೂ ಅನ್ನಲಿಲ್ಲ, “ಚಂದ ಇತ್ತ್” ಅಂದು ಎಲೆ ಅಡಿಕೆ ತಟ್ಟೆ ಹತ್ತಿರಕ್ಕೆ ಎಳ್ಕೊಂಡರು. ಆ ಹಡಗು ಈಗಲೂ ಊರಿನ ಮನೆಯ ಅಟ್ಟದ ಮೇಲಿದೆ, ಬಟ್ಟೆ ಮುಚ್ಚಿ.

ಆಮೇಲೆ ಮಾದರಿ ಮಾಡೋಕೆ ಹಿಡಿದದ್ದೇ ಟ್ರಿಂಕೋಮಲಿ ಅನ್ನೋ ಹಡಗು. ಅದರ ಬಗ್ಗೆ ನಾನು ಎಷ್ಟು ಕೊರೆದಿದ್ದೀನಿ ಅಂದ್ರೆ ಪಕ್ಕದ ಮನೆಯ ಹುಡುಗ ನನ್ನನ್ನೇ ಟ್ರಿಂಕೋ ಅಂಕಲ್ ಅಂತಾನೆ. ಬ್ರಿಟಿಷ್ ನೌಕಾಪಡೆಯ ಹಡಗು, ಕಟ್ಟಿದ್ದು ಬಾಂಬೆಯಲ್ಲಿ ವಾಡಿಯಾ ಮನೆತನದ ಪಾರ್ಸಿ ಮೇಸ್ತ್ರಿಗಳು, ಮರ ಮಲಬಾರಿನ ಸಾಗುವಾನಿ. ಇಂಗ್ಲೆಂಡಿನಲ್ಲಿ ಓಕ್ ಸಾಲದೆ ಬಂದಿತ್ತು. ಸಾಗುವಾನಿಯ ಎಣ್ಣೆಗೆ ಹುಳ ಹತ್ತಿರ ಬರೋದು ಕಮ್ಮಿ, ಓಕಿನ ಹಾಗೆ ಅದು ಕಬ್ಬಿಣದ ಮೊಳೆಯನ್ನು ತಿಂದುಹಾಕೋದೂ ಇಲ್ಲ. ಅಡಿಮರಕ್ಕೆ ಬೆಳ್ಳಿಯ ಮೊಳೆ ಹೊಡೆದು ಶಾಸ್ತ್ರ ಮಾಡಿದ್ದರು, ನಾವು ಹೊಸ್ತಿಲ ಕೆಳಗೆ ನವರತ್ನ ಇಡೋ ಹಾಗೆ. 1817ರ ಅಕ್ಟೋಬರ್ 12ರಂದು ನೀರಿಗಿಳಿಯಿತು. ಈಗ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿದೆ, ಇನ್ನೂ ತೇಲ್ತಿದೆ. ವಿಕ್ಟರಿ ಅದಕ್ಕಿಂತ ಹಳೆಯದು, ಆದರೆ ಅದು ನೂರು ವರ್ಷದಿಂದ ನೀರಿಲ್ಲದ ಒಣ ಕಟ್ಟೆಯಲ್ಲಿ (ಡ್ರೈ ಡಾಕ್) ಕೂತಿದೆ. ತೇಲುವ ಬ್ರಿಟಿಷ್ ಯುದ್ಧನೌಕೆಗಳಲ್ಲಿ ಎಲ್ಲಕ್ಕಿಂತ ಹಿರಿಯಳು ನಮ್ಮ ಸಾಗುವಾನಿಯ ಮಗಳು.

ನಾನು ತರಿಸಿದ ನಕ್ಷೆ ಕೊರಿಯರ್‌ನವರ ಕೃಪೆಯಿಂದ ಮೂರು ವಾರ ಕಾಣೆಯಾಗಿತ್ತು. ಬೈಯೋಕೆ ಹೊರಟವನು ಸುಮ್ಮನಾದೆ, ಯಾಕೆಂದರೆ ಅಸಲಿ ಹಡಗಿನ ನಕ್ಷೆಗೂ ಅದೇ ಗತಿ. ಅದನ್ನು ಬಾಂಬೆಗೆ ತರ್ತಿದ್ದ ಜಾವಾ ಅನ್ನೋ ಹಡಗು 1812ರ ಡಿಸೆಂಬರ್‌ನಲ್ಲಿ ಬ್ರೆಜಿಲ್ ಹತ್ತಿರ ಅಮೆರಿಕದ ಕಾನ್‌ಸ್ಟಿಟ್ಯೂಷನ್ ಅನ್ನೋ ಯುದ್ಧನೌಕೆಯ ಕೈಗೆ ಸಿಕ್ಕಿ ನಾಶವಾಯ್ತು, ನಕ್ಷೆಯೂ ಹೋಯ್ತು. ಇನ್ನೊಂದು ಪ್ರತಿ ಕಳಿಸಬೇಕಾಯ್ತು.

ಸಾಗುವಾನಿಯ ಹಡಗನ್ನು ಸಾಗುವಾನಿಯಲ್ಲೇ ಮಾಡಬೇಕು ಅನ್ನೋದು ನನ್ನ ಹಠ. ಊರಿನ ಹಳೇ ಮನೆಯ ಕಿಟಕಿಯ ದಾರಂದ ತಂದು, ಒಂದು ಮಿಲಿಮೀಟರ್ ದಪ್ಪದ ಪಟ್ಟಿ ಸೀಳಿಸಿದೆ. ಹಡಗಿನ ಮೈಗೆ ನಾಲ್ಕು ಸಾಲು ಅಂಟಿಸಿ ದೂರದಿಂದ ನೋಡ್ತೀನಿ, ಚರಂಡಿ! 64ಕ್ಕೆ 1ರ ಅಳತೆಯಲ್ಲಿ ಸಾಗುವಾನಿಯ ಒಂದೊಂದು ರಂಧ್ರವೂ ಹೆಬ್ಬೆರಳು ಹಿಡಿಸುವ ಗುಂಡಿ. ಪುಟ್ಟ ನಾವಿಕನೊಬ್ಬ ಅಲ್ಲಿದ್ದರೆ ಕಾಲುಬೆರಳು ಸಿಕ್ಕಿ ಬೀಳ್ತಿದ್ದ. ಮರದ ಎಳೆಗೆ ಅಳತೆ ಚಿಕ್ಕದು ಮಾಡು ಅಂತ ಹೇಳೋಕಾಗಲ್ಲ ನೋಡಿ. ಹೊರದೇಶದವರು ಇದಕ್ಕೆ ಪೇರ್ ಮರ, ಬಾಕ್ಸ್‌ವುಡ್ ಬಳಸ್ತಾರೆ, ಎಳೆಯೇ ಕಾಣಿಸದ ನುಣುಪು. ನನಗೆ ದಾರಿ ತೋರಿಸಿದ್ದು ಚನ್ನಪಟ್ಟಣ. ಬೊಂಬೆ ಮಾಡೋ ಆಲೆ ಮರ. ಬೆಳ್ಳಗೆ, ಬೆಣ್ಣೆ ಹಾಗೆ ಉಳಿಗೆ ಬಗ್ಗುತ್ತೆ. ಬಣ್ಣ ಆಮೇಲೆ ಕೊಟ್ಟುಕೊಂಡೆ.

ಕೂವೆಯ ಹಗ್ಗ ಬಿಗಿಯೋದು ಮೂರು ತೂತಿನ ಮರದ ಬಿಲ್ಲೆಗಳಲ್ಲಿ. ಅವನ್ನು ಅಲ್ಲಿನ ಒಬ್ಬ ಹಿರಿಯರೇ ಚರಕಿಯಲ್ಲಿ ಕಡೆದು ಕೊಟ್ಟರು, ಉದ್ದಿನಕಾಳಿನಷ್ಟು ಗಾತ್ರ. “ಯಾವ ಬೊಂಬೆಯ ಕಣ್ಣು ಸಾರ್ ಇದು?” ಅಂತ ಕೇಳಿದರು. ವಿವರಿಸಿದೆ. ಕೇಳಿ, ಒಂದು ಬಿಲ್ಲೆಯನ್ನು ಬೆಳಕಿಗೆ ಹಿಡಿದು, “ಹಾಗಾದರೆ ದಾರ ಕತ್ತರಿಸದ ಹಾಗೆ ತೂತಿನ ಅಂಚು ಉಜ್ಜಬೇಕು” ಅಂದು ಇಡೀ ರಾಶಿಯನ್ನು ವಾಪಸ್ ತಗೊಂಡರು. ಸಮುದ್ರ ನೋಡಿದ್ದಾರೋ ಇಲ್ಲವೋ ಕೇಳಲಿಲ್ಲ. ಹಗ್ಗ ಮಾತ್ರ ಅವರಿಗೆ ಅರ್ಥವಾಯ್ತು.

ಹಲಗೆಗೆ ಹೊಡೆಯೋ ಮರದ ಮೊಳೆ ಊದುಬತ್ತಿಯ ಬಿದಿರುಕಡ್ಡಿಯಿಂದ. ಅಕ್ಕಸಾಲಿಗರು ತಂತಿ ಎಳೆಯುವ ತೂತಿನ ಪಟ್ಟಿಯಲ್ಲಿ ಎಳೆದೆಳೆದು ಅರ್ಧ ಮಿಲಿಮೀಟರಿಗೆ ಇಳಿಸಿದ್ದು. ಆರು ತಿಂಗಳು ನನ್ನ ಅಂಗಿಯೆಲ್ಲ ಮಲ್ಲಿಗೆ ಊದುಬತ್ತಿಯ ವಾಸನೆ. ಹಗ್ಗ ಹತ್ತಿ ಏಣಿಯ ಹಾಗೆ ಮೇಲೇರೋಕೆ ಅಡ್ಡಹಗ್ಗ ಇರುತ್ತಲ್ಲ, ಐದು ಮಿಲಿಮೀಟರಿಗೊಂದು. ನಡುಕೂವೆಯ ಒಂದೇ ಬದಿಗೆ 36 ಸಾಲು, ಸಾಲಿಗೆ ಏಳು ಗಂಟು, ಒಟ್ಟು 252. ದಾರಕ್ಕೆ ಜೇನುಮೇಣ ತಿಕ್ಕಿ, ಚಿಮಟದಲ್ಲಿ ಹಿಡಿದು, ಉಸಿರು ಬಿಗಿ ಹಿಡಿದು. ಒಂದು ಗಂಟು ಹೆಚ್ಚು ಬಿಗಿಯಾದರೆ ಉದ್ದಹಗ್ಗ ಸೊಂಟ ಕಟ್ಟಿದ ಹಾಗೆ ಒಳಗೆ ಸೆಳೆಯುತ್ತೆ. ಆಗ ಬಿಚ್ಚು. ಯುಗಾದಿಗೆ ಶುರು ಮಾಡಿದ್ದು ನಾಗರಪಂಚಮಿಗೆ ಮುಗೀತು.

ಇಷ್ಟು ಹೇಳಿದ ಮೇಲೆ ಒಂದು ತಪ್ಪೊಪ್ಪಿಗೆ. ನನ್ನ ಟ್ರಿಂಕೋಮಲಿಯ ನಡು ಅಟ್ಟದ ಮೇಲೆ ಸಣ್ಣ ದೋಣಿಗಳನ್ನು ಇಟ್ಟಿದ್ದೀನಲ್ಲ, ಅವುಗಳ ನೆರಳಲ್ಲಿ ನಾಲ್ಕು ಫಿರಂಗಿ ಇವೆ. ಅವಕ್ಕೆ ಎಳೆಹಗ್ಗ ಕಟ್ಟಿಲ್ಲ. ಆ ಹೊತ್ತಿಗೆ ಕಣ್ಣು ಸೋತಿತ್ತು, ಯಾರಿಗೂ ಕಾಣಲ್ಲ ಅಂದುಕೊಂಡು ಬಿಟ್ಟುಬಿಟ್ಟೆ. ಯಾರಿಗೂ ಕಾಣೋದಿಲ್ಲ, ನಿಜ. ರಾತ್ರಿ ಎದ್ದಾಗ ನನಗೆ ಮಾತ್ರ ಕಾಣುತ್ತೆ. ಭಾಮೈದನ ಹಡಗಿನ ಮೇಲೆ ಇಷ್ಟು ಕಿಡಿಕಾರೋಕೆ ಅದೂ ಒಂದು ಕಾರಣ ಇರಬಹುದು. ಇದ್ದರೇನಂತೆ? ಹನ್ನೊಂದು ಹಗ್ಗ ಸುಳ್ಳೇ.

ಈಗ ನಿಜವಾದ ಅಪರಾಧಕ್ಕೆ ಬರ್ತೀನಿ. ಎರಡನೇ ಪಂಕ್ತಿ ಕೂತಿತ್ತು, ಮನೆಯೊಳಗೆ ಯಾರೂ ಇರಲಿಲ್ಲ. ಎಲ್ಲ ಹಗ್ಗ ಸರಿ ಮಾಡೋಕಂತೂ ಆಗಲ್ಲ, ಬಾವುಟವನ್ನಾದರೂ ತಿರುಗಿಸೋಣ ಅಂತ ಕೈ ಹಾಕಿದೆ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಚಿದೆ. ಟಕ್ ಅಂತು. ಕೂವೆಯ ತುದಿ ಬಾವುಟದ ಸಮೇತ ನನ್ನ ಕೈಯಲ್ಲಿ.

ಹೊರಗೆ “ಪಾಯಸ, ಪಾಯಸ” ಅಂತ ಕೂಗು. ಪೂಜೆಯ ತಟ್ಟೆಯಲ್ಲಿ ಪುರೋಹಿತರು ಬಿಟ್ಟುಹೋದ ಅರಿಶಿನದ ದಾರ ಕಂಡಿತು. ಮುರಿದ ತುದಿಯನ್ನು ಕೂವೆಗೆ ಜೋಡಿಸಿ, ಆ ದಾರದಲ್ಲಿ ಒತ್ತೊತ್ತಾಗಿ ಎಂಟು ಸುತ್ತು ಸುತ್ತಿ, ನಾವಿಕರ ಗಂಟು ಹಾಕಿ ಬಿಗಿದೆ. ಬಾವುಟ ಹಾಯಿ ಉಬ್ಬಿದ ಕಡೆಗೇ ತಿರುಗಿತ್ತು. ಇಡೀ ಹಡಗಿನಲ್ಲಿ ಕೆಲಸ ಮಾಡ್ತಿರೋ ಹಗ್ಗ ಅದೊಂದೇ. ಆಮೇಲೆ ಹೋಗಿ ಪಾಯಸ ಕುಡಿದೆ.

ಇವತ್ತು ಬೆಳಿಗ್ಗೆ ಭಾಮೈದನ ಫೋನ್. ಎದೆ ಧಸಕ್ಕಂತು. (ಅವನು ಇನ್‌ಸ್ಟಾಗ್ರಾಂ ಜನ, ಇಲ್ಲಿಗೆ ಬರಲ್ಲ. ದಯವಿಟ್ಟು ಯಾರೂ ಸ್ಕ್ರೀನ್‌ಶಾಟ್ ಕಳಿಸಬೇಡಿ.)

“ಭಾವ, ಪುರೋಹಿತರು ಹಡಗಿಗೂ ಅರಿಶಿನದ ದಾರ ಕಟ್ಟಿ ಹೋಗಿದ್ದಾರೆ. ನಾನು ನೋಡೇ ಇರಲಿಲ್ಲ. ಅದನ್ನ ಎಷ್ಟು ದಿನ ಬಿಡಬೇಕು, ನಿಮಗೇನಾದ್ರೂ ಗೊತ್ತಾ?”

48 ದಿನ ಮುಟ್ಟಬೇಡ ಅಂದಿದ್ದೀನಿ. ಅಷ್ಟರೊಳಗೆ ಒಂದು ಸಲ ಫೆವಿಕಾಲ್ ಹಿಡ್ಕೊಂಡು ಹೋಗಿ ಬರಬೇಕು.