ಎಂ.ಆರ್ಕ್‌ಗೆ ಬಿ.ಆರ್ಕ್ ಬೇಕೇ ಬೇಕೆ?

ಬಿ.ಆರ್ಕ್ (ಆರ್ಕಿಟೆಕ್ಚರ್ ಪದವಿ) ಇಲ್ಲದೆ ಎಂ.ಆರ್ಕ್ (ಅದರ ಸ್ನಾತಕೋತ್ತರ ಪದವಿ) ಅಸಾಧ್ಯ ಎಂಬ ಮಾತಿದೆ. ಭಾರತದ ಮಟ್ಟಿಗೆ ಸರಿ, ಅಮೆರಿಕದಲ್ಲಿ ಹಾಗಲ್ಲ. ಹಾರ್ವರ್ಡ್‌ನಲ್ಲಿ 3.5 ವರ್ಷದ, ಕೊಲಂಬಿಯಾದಲ್ಲಿ 3 ವರ್ಷದ ಎಂ.ಆರ್ಕ್‌ಗೆ ಬೇರೆ ವಿಷಯದ ಪದವೀಧರರೂ ಅರ್ಜಿ ಹಾಕಬಹುದು. ಕೆಲವು ವಿಶ್ವವಿದ್ಯಾಲಯಗಳು ಕಾಲೇಜು ಮಟ್ಟದ ಕ್ಯಾಲ್ಕುಲಸ್, ಭೌತಶಾಸ್ತ್ರ ಕೇಳುತ್ತವೆ; ಬಿ.ಎ., ಬಿ.ಕಾಂ. ಆದವರು ಮೊದಲೇ ನೋಡಿಕೊಳ್ಳಿ.

ಹೆಚ್ಚಿನವರು ಎಡವುವುದು ಪೋರ್ಟ್‌ಫೋಲಿಯೊದಲ್ಲಿ, ಅಂದರೆ ಅರ್ಜಿಯ ಜೊತೆ ಕಳಿಸುವ ನಿಮ್ಮ ಕೆಲಸಗಳ ಸಂಗ್ರಹದಲ್ಲಿ. ಅವಸರಕ್ಕೆ ಸಾಫ್ಟ್‌ವೇರ್ ಕಲಿತು ಥಳಥಳಿಸುವ ಕಟ್ಟಡಗಳ ಚಿತ್ರ ತುಂಬಬೇಡಿ, ಅದರಲ್ಲಿ ನಿಮ್ಮ ಯೋಚನೆ ಕಾಣುವುದಿಲ್ಲ. ಮನೆಯ ಮೆಟ್ಟಿಲನ್ನೇ ಟೇಪ್ ಹಿಡಿದು ಅಳೆದು 1:50ರಲ್ಲಿ ಪ್ಲಾನ್ (ಮೇಲಿನಿಂದ ಕಂಡಂತೆ), ಸೆಕ್ಷನ್ (ಉದ್ದಕ್ಕೆ ಸೀಳಿದರೆ ಕಾಣುವಂತೆ) ಬರೆಯಿರಿ. 3 ಮೀಟರ್ ಎತ್ತರ ಹಾಳೆಯಲ್ಲಿ 6 ಸೆಂ.ಮೀ. ಆಗುತ್ತದೆ. ಮರಗೆಲಸ, ಮಡಕೆ, ಹೊಲಿಗೆ ಯಾವುದಿದ್ದರೂ ಸರಿ, ಮೊದಲ ಕಚ್ಚಾ ಸ್ಕೆಚ್‌ನಿಂದ ಅದು ಬೆಳೆದ ಬಗೆಯನ್ನು ತೋರಿಸಿ.

ವಾಪಸ್ ಬಂದು ಇಲ್ಲಿ ಆರ್ಕಿಟೆಕ್ಟ್ ಎಂದು ಬೋರ್ಡ್ ಹಾಕಲು 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಡಿ ನೋಂದಣಿ ಬೇಕು. ನಿಮ್ಮ ಪದವಿಗೆ ಮಾನ್ಯತೆ ಉಂಟೇ ಎಂದು ಹೊರಡುವ ಮೊದಲೇ ಈ ನೋಂದಣಿ ಮಾಡುವ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ಗೆ ಬರೆದು ಕೇಳಿ.