ಉಪ್ಪಲ್ಲ, ಉಸಿರು

2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಮರುವರ್ಷ ಹಾವೇರಿ ಜಿಲ್ಲೆಯಲ್ಲಿ, ನೀರಲ್ಲಿ ಮುಳುಗಿದ ಮಕ್ಕಳನ್ನು ಉಪ್ಪಿನ ರಾಶಿಯಲ್ಲಿ ಮಲಗಿಸಿ ಜೀವ ಬರುತ್ತದೆಂದು ಮನೆಯವರು ಗಂಟೆಗಟ್ಟಲೆ ಕಾದರು. ಮೊಬೈಲಲ್ಲಿ ಹರಿದಾಡಿದ ಮಾತನ್ನು ನಂಬಿದ್ದರು. ಅವರನ್ನು ಮೂಢರು ಅಂದರೆ ನನಗೆ ಸಂಕಟವಾಗುತ್ತದೆ. ಸರಿಯಾದದ್ದನ್ನು ಅವರಿಗೆ ನಾವು ಯಾವಾಗ ಹೇಳಿಕೊಟ್ಟಿದ್ದೆವು?

ನಾನು ಮಕ್ಕಳ ಐಸಿಯುನಲ್ಲಿ ನರ್ಸ್. 2021ರಲ್ಲಿ ಅಪ್ಪು ಹೋದ ಮೇಲೆ ಸಿಪಿಆರ್, ಅಂದರೆ ಹೃದಯ ನಿಂತವರಿಗೆ ಎದೆ ಒತ್ತಿ ಉಸಿರು ಕೊಡುವುದು, ಅನ್ನೋ ಪದ ಮನೆಮನೆಗೆ ಬಂತು, ಒಳ್ಳೆಯದೇ ಆಯ್ತು. ಆದರೆ ಹೆಚ್ಚಿನವರು ಕಲಿತದ್ದು ದೊಡ್ಡವರದ್ದು: ಎದೆ ಒತ್ತು, ಒತ್ತುತ್ತಲೇ ಇರು. ದೊಡ್ಡವರಲ್ಲಿ ಸಾಮಾನ್ಯವಾಗಿ ಮೊದಲು ಕೈಕೊಡುವುದು ಹೃದಯ. ಮಕ್ಕಳಲ್ಲಿ ಬಹುಪಾಲು ಉಲ್ಟಾ. ಕೃಷಿಹೊಂಡದ ನೀರು, ಗಂಟಲಿಗೆ ಸಿಕ್ಕ ಕಡಲೆಬೀಜ, ನ್ಯುಮೋನಿಯಾ, ಯಾವುದೇ ಆಗಲಿ ಮೊದಲು ಉಸಿರು ಹೋಗುತ್ತದೆ, ಆಮ್ಲಜನಕ ಬರಿದಾಗಿ ಆಮೇಲೆ ಹೃದಯ ನಿಲ್ಲುತ್ತದೆ. ಬರಿದಾದ ರಕ್ತವನ್ನು ಎಷ್ಟು ಓಡಿಸಿದರೂ ಮೆದುಳಿಗೆ ಸಿಗುವುದೇನು?

ಅದಕ್ಕೇ ಮಗುವಿಗೆ ಉಸಿರೂ ಕೊಡಬೇಕು. ಒಬ್ಬರೇ ಇದ್ದರೆ 30 ಸಲ ಒತ್ತಿ, 2 ಉಸಿರು. ನಿಮಿಷಕ್ಕೆ 100ರಿಂದ 120ರ ವೇಗ. ಎದೆಯ ದಪ್ಪದ ಮೂರನೇ ಒಂದು ಭಾಗ ತಗ್ಗಬೇಕು, ಅಂದರೆ ಎಳೆಗೂಸಿಗೆ ಸುಮಾರು 4 ಸೆಂ.ಮೀ. ಎಳೆಗೂಸಾದರೆ ಬಾಯಿ, ಮೂಗು ಎರಡನ್ನೂ ನಿಮ್ಮ ಬಾಯಿಂದ ಮುಚ್ಚಿ, ಎದೆ ಮೇಲೇಳುವಷ್ಟು ಮಾತ್ರ ಊದಿ. ಮುಳುಗಿದ ಮಗುವಿಗಾದರೆ ಉಸಿರಿನಿಂದಲೇ ಶುರು. ದಯವಿಟ್ಟು ಹೊಟ್ಟೆ ಒತ್ತಿ ನೀರು ತೆಗೆಯಲು ಹೋಗಬೇಡಿ, ತಲೆಮೇಲೆ ಹೊತ್ತು ತಿರುಗಿಸಬೇಡಿ. 108ಕ್ಕೆ ಫೋನ್ ಮಾಡಿ, ಸ್ಪೀಕರ್ ಹಾಕಿ ನೆಲದ ಮೇಲಿಡಿ, ಕೈ ನಿಲ್ಲಿಸಬೇಡಿ.

ಹೃದಯ ಮತ್ತೆ ಬಡಿಯಿತು ಅಂದ ಕೂಡಲೇ ಮನೆಯವರು ಕೈಮುಗಿಯುತ್ತಾರೆ. ನಮಗೆ ಆಗ ಇನ್ನೊಂದು ಹೋರಾಟ. ಬಿಪಿ ಬೀಳಬಾರದು, ಹೊರಗೆ ಕಾಣದ ಫಿಟ್ಸ್‌ಗೆ ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ದಾಖಲೆ) ನೋಡುತ್ತಿರಬೇಕು, ಮೈ ಬಿಸಿ ಏರಬಾರದು. ಮೈಯನ್ನು 33 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿದರೆ ಹೆಚ್ಚು ಲಾಭವೇ ಎಂದು ನೋಡಿದ ದೊಡ್ಡ ಅಧ್ಯಯನ 2015ರಲ್ಲಿ ಬಂತು, ಸಹಜ ಬಿಸಿಯಾದ 36.8ರಲ್ಲಿ ಇಟ್ಟದ್ದಕ್ಕೂ ಅದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಜ್ವರ ಮಾತ್ರ ಗಾಯಗೊಂಡ ಮೆದುಳಿಗೆ ಶತ್ರು. "ಕಂಬಳಿ ಹೊದಿಸಿ ಸಿಸ್ಟರ್, ಕೂಸಿಗೆ ಚಳಿ" ಅಂತ ಅಜ್ಜಿಯಂದಿರು ಬೇಡುವಾಗ ಬೇಡ ಅನ್ನುವುದಿದೆಯಲ್ಲ, ಅದು ಕಷ್ಟ.

ಇಷ್ಟೆಲ್ಲ ಮಾಡಿದರೂ ಎಷ್ಟೋ ಮಕ್ಕಳ ಹಣೆಬರಹ ನಮ್ಮ ಬಾಗಿಲಿಗೆ ಬರುವ ಮೊದಲೇ, ಆ ಹೊಂಡದ ದಂಡೆಯ ಮೊದಲ ನಿಮಿಷಗಳಲ್ಲೇ ತೀರ್ಮಾನವಾಗಿರುತ್ತದೆ. ಹಾಗಾಗಿ ನನ್ನ ಹಟ ಒಂದೇ: ಲಸಿಕೆಯ ದಿನ ಪ್ರತಿ ಅಂಗನವಾಡಿಯಲ್ಲೂ ಸಿಪಿಆರ್ ಅಭ್ಯಾಸಕ್ಕೆ ಒಂದು ಬೊಂಬೆ ಇಡಿ, ಆಶಾ ಕಾರ್ಯಕರ್ತೆಯರಿಂದಲೇ ಕಲಿಸಿ. ರಜೆಗೆ ಹೋದಾಗ ನಮ್ಮೂರಲ್ಲಿ ಮಾಡಿ ನೋಡಿದೆ. ಮೊದಲು ಮುಂದೆ ಬಂದವಳು ಒಬ್ಬ ಅಜ್ಜಿ. ಬೊಂಬೆಯ ಎದೆ ಏಳುವವರೆಗೂ ಬಿಡಲಿಲ್ಲ.