ಪಟ್ಟಿ ಸಿಕ್ಕಿತು, ಪಾಠ ನಾಳೆ

ಕೋಡಿಂಗ್ ಕಲಿಯಬೇಕೇ? ಲಿಂಕ್ಡ್‌ಇನ್ ಪೋಸ್ಟಿನ ಕೆಳಗೆ ‘ಇಂಟರೆಸ್ಟೆಡ್’ ಎಂದು ಬರೆಯಿರಿ, ಫಾಲೋ ಮಾಡಿ, ರೀಪೋಸ್ಟ್ ಮಾಡಿ. ‘ಅಲ್ಟಿಮೇಟ್ ರೋಡ್‌ಮ್ಯಾಪ್’ ಪಿಡಿಎಫ್ ಇನ್‌ಬಾಕ್ಸಿಗೆ ಬಂದು ಬೀಳುತ್ತದೆ. ಒಳಗೆ ಇರುವುದು ಹಾರ್ವರ್ಡಿನ ಕಂಪ್ಯೂಟರ್ ಪಾಠ ಸಿಎಸ್50, ಎಂಐಟಿ ಓಪನ್‌ಕೋರ್ಸ್‌ವೇರ್, ಫ್ರೀಕೋಡ್‌ಕ್ಯಾಂಪ್, ವೆಬ್ ತಂತ್ರಜ್ಞಾನದ ಕೈಪಿಡಿ ತಾಣ ಎಂಡಿಎನ್. ಎಲ್ಲವೂ ಮೊದಲಿಂದಲೂ ಪುಕ್ಕಟೆ. ಕೊಂಡಿ ಅಂಟಿಸಿದ ಪುಣ್ಯಾತ್ಮರಿಗೆ ಮಾತ್ರ ‘ಎಜುಕೇಟರ್’ ಬಿರುದು.

ಪಟ್ಟಿ ಮಾಡುವವರಿಗೆ ಒಂದೇ ವ್ರತ: ಪಟ್ಟಿಯಲ್ಲಿರುವುದನ್ನು ತೆರೆದು ನೋಡಬಾರದು. ನೋಡಿದರೆ ತೊಂದರೆ. ವೆಬ್ ಪುಟ ಕಟ್ಟುವ ರಿಯಾಕ್ಟ್ ಕಲಿಸುವ ವಿಡಿಯೊ, ಹೊಸ ಪ್ರಾಜೆಕ್ಟಿಗೆ ಅಡಿಪಾಯ ಹಾಕುವ ಕ್ರಿಯೇಟ್ ರಿಯಾಕ್ಟ್ ಆ್ಯಪ್‌ನಿಂದ ಶುರುವಾಗಿರುತ್ತದೆ. 2025ರ ಫೆಬ್ರವರಿಯಲ್ಲೇ ರಿಯಾಕ್ಟ್ ತಂಡ ಅದಕ್ಕೆ ಎಳ್ಳುನೀರು ಬಿಟ್ಟಿದೆ. ಪೈಥಾನ್ ಮೇಷ್ಟ್ರು ಹಳೆಯ ಪೈಥಾನ್ 2ರ ರೀತಿ ಬ್ರ್ಯಾಕೆಟ್ ಇಲ್ಲದೆ ಪ್ರಿಂಟ್ ಬರೆಯುತ್ತಾರೆ. ಪೈಥಾನ್ 2ರ ಬೆಂಬಲ 2020ರ ಜನವರಿ 1ಕ್ಕೇ ನಿಂತಿದ್ದು ವಿಡಿಯೊಗೆ ಹೇಗೆ ಗೊತ್ತಾಗಬೇಕು? ಕಲಿಯಲು ಕೂತ ಹುಡುಗಿ ಅದನ್ನೇ ಪೈಥಾನ್ 3ರಲ್ಲಿ ಟೈಪ್ ಮಾಡುತ್ತಾಳೆ, ಸಿಂಟ್ಯಾಕ್ಸ್ ಎರರ್ ಬರುತ್ತದೆ, ತನ್ನ ತಲೆಗೇ ಹತ್ತುತ್ತಿಲ್ಲ ಎಂದುಕೊಂಡು ಲ್ಯಾಪ್‌ಟಾಪ್ ಮುಚ್ಚುತ್ತಾಳೆ. ಲೈಕುಗಳು ಹಾಗೇ ಇರುತ್ತವೆ.

ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಭಕ್ತಿ ಇನ್ನೂ ಮುಂದುವರಿದಿದೆ. ಅಲ್ಲಿ ‘ಆಸಮ್’ ಪಟ್ಟಿಗಳಿವೆ, ಆ ಪಟ್ಟಿಗಳದ್ದೇ ಒಂದು ಪಟ್ಟಿಯೂ ಇದೆ. ಸ್ಟಾರ್ ಒತ್ತಿದರೆ ಗಂಟೆ ಬಾರಿಸಿ ಮಂಗಳಾರತಿ ತೆಗೆದುಕೊಂಡಷ್ಟೇ ಸಮಾಧಾನ. ಸಿಎಸ್50ರ ಹೋಮ್‌ವರ್ಕ್ ಮಾಡಲು ಕೂತವರ ಪಾಡೇ ಬೇರೆ. ಸಿ ಭಾಷೆಯಲ್ಲಿ ಹ್ಯಾಶ್ ಚಿಹ್ನೆ ಜೋಡಿಸಿ ಮಾರಿಯೊ ಆಟದ ಪಿರಮಿಡ್ ಕಟ್ಟಬೇಕು. ಎತ್ತರ 8 ಆದರೆ ಮೊದಲ ಸಾಲಿಗೆ 7 ಸ್ಪೇಸ್, 1 ಹ್ಯಾಶ್. ಮುಂದಿನದಕ್ಕೆ 6 ಸ್ಪೇಸ್, 2 ಹ್ಯಾಶ್. ಇಷ್ಟಕ್ಕೇ ಲೂಪಿನೊಳಗೆ ಲೂಪ್. ಎಣಿಕೆಯನ್ನು 0ಯಿಂದ ಶುರುಮಾಡಿ ಸ್ಪೇಸಿನ ಸೂತ್ರವನ್ನು ಮಾತ್ರ 1ರ ಲೆಕ್ಕದಲ್ಲಿ ಬರೆದರೆ ಇಡೀ ಗೋಪುರ ಒಂದು ಸ್ಪೇಸ್ ಬಲಕ್ಕೆ ಸರಿಯುತ್ತದೆ, ಉತ್ತರ ತಪಾಸಣೆ ಮಾಡುವ ಪ್ರೋಗ್ರಾಂ ಚೆಕ್50 ಕೆಂಪಗೆ ಮುಖ ಗಂಟಿಕ್ಕುತ್ತದೆ. ಇಂಥ ಅವಮಾನ ಯಾವ ರೋಡ್‌ಮ್ಯಾಪಿನಲ್ಲೂ ಇಲ್ಲ.

ಮೇಷ್ಟ್ರನ್ನು ಪರೀಕ್ಷಿಸಲೇಬೇಕೆಂಬ ಹಟಮಾರಿಗಳು ವಿಡಿಯೊದ ನಡುಭಾಗ ತೆರೆಯುತ್ತಾರೆ. ಎರರ್ ಬಂದಾಗ ಅದನ್ನು ಓದಿ ಸರಿಪಡಿಸುತ್ತಾರೋ, ಕತ್ತರಿಸಿ ಮುಂದೆ ಹೋಗುತ್ತಾರೋ ನೋಡುತ್ತಾರೆ. ಯಾವ ಆವೃತ್ತಿ ಎಂದು ಹೇಳಿದ್ದಾರೆಯೇ, ಅಭ್ಯಾಸ ಕೊಟ್ಟಿದ್ದಾರೆಯೇ ಎಂದು ಹುಡುಕುತ್ತಾರೆ. ಇಂಥವರಿಂದ ಎಂಗೇಜ್‌ಮೆಂಟ್ ಹಾಳು.

ಕನ್ನಡದಲ್ಲೇ ಪಾಠಗಳಿರುವ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ಗೂ ಪಟ್ಟಿಯಲ್ಲಿ ಜಾಗ ಕೊಡಬೇಡಿ, ಥಂಬ್‌ನೇಲಿನಲ್ಲಿ ಬಾಯಿ ತೆರೆದ ಮುಖವಿಲ್ಲ. ಐಐಟಿ, ಐಐಎಸ್‌ಸಿಗಳ ಆನ್‌ಲೈನ್ ಕೋರ್ಸ್ ತಾಣ ಎನ್‌ಪಿಟೆಲ್ ಅಂತೂ ಬೇಡವೇ ಬೇಡ. ವಾರವಾರ ಅಸೈನ್‌ಮೆಂಟ್, ಸರ್ಟಿಫಿಕೇಟ್ ಬೇಕೆಂದರೆ ಅದರಲ್ಲಿ 25ಕ್ಕೆ 10, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಯಲ್ಲಿ 75ಕ್ಕೆ 30 ಬರಲೇಬೇಕು. ಫಾಲೋವರ್ಸ್ ಎಷ್ಟಿದ್ದರೂ ಗ್ರೇಸ್ ಮಾರ್ಕ್ಸ್ ಕೊಡುವ ಪದ್ಧತಿ ಇಲ್ಲ.